ಲಸಿಕೆ ಕಡಿಮೆ ಇದ್ದಾಗ ಯಾರಿಗೆ ಮೊದಲು? ನಾಲ್ಕು ತಾಲ್ಲೂಕುಗಳ ಒಂದು ಲೆಕ್ಕ

ಸದಸ್ಯ ಬಾಂಧವರಿಗೆ ಬೋರ್ಡೋ ದ್ರಾವಣದ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೊಳೆರೋಗ ತಗಲಿ ಉದುರಿದ ಅಡಿಕೆ ಕಾಯಿ ಮತ್ತೆ ಗೊನೆಗೆ ಹತ್ತುವುದಿಲ್ಲ. ಮಳೆ ಹಿಡಿಯುವ ಮುನ್ನವೇ ಔಷಧಿ ಹೊಡೆದಿರಬೇಕು. ಮರ ಹತ್ತುವ ಆಳು ಒಬ್ಬನೇ, ಮೈಲುತುತ್ತ ಒಂದೇ ಚೀಲ ಎಂದಾದರೆ ಯಾವ ತೋಟಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂಬುದನ್ನು ಬೇಸಿಗೆಯಲ್ಲೇ ಗೊತ್ತುಮಾಡಿಕೊಳ್ಳುತ್ತೇವೆ. ಮೋಡ ಕಟ್ಟಿದ ಮೇಲೆ ಕುಳಿತು ಯೋಚಿಸುವವನು ಆ ವರ್ಷದ ಫಸಲಿನ ಆಸೆ ಬಿಡಬೇಕಾಗುತ್ತದೆ.

ಮನುಷ್ಯರಿಗೆ ಬರುವ ಫ್ಲೂ ಜ್ವರದ ಲಸಿಕೆಗೂ ಇದೇ ಮಾತು ಸಲ್ಲುತ್ತದೆ. ಇಂಥ ಲಸಿಕೆ ಬೇಕಾದಾಗ ಎಲ್ಲರಿಗೂ ಸಾಲುವಷ್ಟು ಬರುವುದು ಅಪರೂಪ. ಆದುದರಿಂದ ಯಾರಿಗೆ ಮೊದಲು ಕೊಡಬೇಕೆಂಬ ಸರದಿಯನ್ನು ಪೆಟ್ಟಿಗೆ ಬರುವ ಮೊದಲೇ ನಿಶ್ಚಯಿಸಬೇಕು. ಬಂದ ಮೇಲೆ ನಿಶ್ಚಯಿಸ ಹೊರಟರೆ ಸರದಿಯನ್ನು ನಿಶ್ಚಯಿಸುವುದು ನಾವಲ್ಲ. ಗಟ್ಟಿ ದನಿ, ಹತ್ತಿರದ ಮನೆ, ಕೈಯಲ್ಲಿರುವ ಫೋನು, ಇವೇ ನಿಶ್ಚಯಿಸುತ್ತವೆ. ಈ ಲೇಖನದಲ್ಲಿ ಅಂಥ ಸರದಿಯನ್ನು ಹೇಗೆ ಕಟ್ಟುತ್ತಾರೆ, ಅದರಲ್ಲಿ ಬೆಳೆಗಾರರಾದ ನಮ್ಮ ಕೆಲಸವೇನು ಎಂಬುದನ್ನು ವಿವರಿಸಬಯಸುತ್ತೇವೆ.

ಉದಾಹರಣೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ತೆಗೆದುಕೊಂಡಿದ್ದೇವೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ ಈ ಸೀಮೆಗೆ 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟಿತು. ಒಂದು ಕಡೆ ಬೆಂಗಳೂರಿಗೆ ಅಂಟಿಕೊಂಡ ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳು. ಇನ್ನೊಂದು ಕಡೆ ಕಾಡಂಚಿನ ದೊಡ್ಡಿಗಳು. ಪೇಟೆಯೂ ಹಳ್ಳಿಯೂ ಬೆಟ್ಟವೂ ಒಂದೇ ಕಡೆ ಇರುವುದರಿಂದ ಇಲ್ಲಿ ಬರುವ ತೊಡಕುಗಳೆಲ್ಲ ಬೇರೆ ತಾಲ್ಲೂಕುಗಳಲ್ಲೂ ಬರುತ್ತವೆ. ಮಲೆನಾಡಿನ, ಕೊಡಗಿನ ಸದಸ್ಯರು ಇದನ್ನು ತಮ್ಮ ಊರಿಗೆ ಹೊಂದಿಸಿಕೊಂಡು ಓದಬಹುದು.

ಲಸಿಕೆ ಏಕೆ ಕಡಿಮೆ ಬೀಳುತ್ತದೆ?

ಫ್ಲೂ ಅಥವಾ ಇನ್‌ಫ್ಲುಯೆಂಜಾ ಎಂಬುದು ಸಾಮಾನ್ಯ ನೆಗಡಿಯಲ್ಲ. ಅದರ ವೈರಾಣು ವರ್ಷದಿಂದ ವರ್ಷಕ್ಕೆ ರೂಪ ಬದಲಿಸುತ್ತದೆ. ಹಳೆಯ ಲಸಿಕೆ ಹೊಸ ರೂಪಕ್ಕೆ ಸರಿಹೊಂದದೆ ಹೋಗಬಹುದು. ಆದಕಾರಣ ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆ ಎರಡು ಬಾರಿ, ಫೆಬ್ರವರಿಯಲ್ಲಿ ಭೂಮಿಯ ಉತ್ತರಾರ್ಧಕ್ಕೂ ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಕ್ಕೂ, ಲಸಿಕೆಯಲ್ಲಿ ಯಾವ ಯಾವ ತಳಿಗಳಿರಬೇಕೆಂದು ಸಲಹೆ ಮಾಡುತ್ತದೆ. ಅಲ್ಲಿಂದ ಲಸಿಕೆ ಸಿದ್ಧವಾಗಲು ಸುಮಾರು ಆರು ತಿಂಗಳು ಬೇಕು. ಹೆಚ್ಚಿನ ಪಾಲು ಲಸಿಕೆಯನ್ನು ಇಂದಿಗೂ ಕೋಳಿಮೊಟ್ಟೆಯಲ್ಲಿ ವೈರಾಣುವನ್ನು ಬೆಳೆಸಿಯೇ ತಯಾರಿಸುತ್ತಾರೆ. ಬೇಡಿಕೆ ದಿಢೀರನೆ ಏರಿದರೆ ತಯಾರಿಕೆಯನ್ನು ಅದೇ ವೇಗದಲ್ಲಿ ಏರಿಸಲಾಗದು. ಕಾಫಿ ಗಿಡ ನೆಟ್ಟ ವರ್ಷವೇ ಹಣ್ಣು ಕೇಳಿದಂತೆ ಅದು.

ನಮ್ಮ ದೇಶದಲ್ಲಿ ಮಕ್ಕಳಿಗೂ ಗರ್ಭಿಣಿಯರಿಗೂ ಉಚಿತವಾಗಿ ಕೊಡುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಪ್ರತಿ ವರ್ಷದ ಫ್ಲೂ ಲಸಿಕೆ ಸೇರಿಲ್ಲ. ಪಟ್ಟಣದ ಖಾಸಗಿ ಆಸ್ಪತ್ರೆಗಳಲ್ಲಿ ಹಣ ಕೊಟ್ಟವರಿಗೆ ಸಿಗುತ್ತದೆ. ದೊಡ್ಡ ಜಾಡ್ಯ ಬಂದು ಸರ್ಕಾರ ತರಿಸಿ ಹಂಚುವ ಕಾಲ ಬಂದಾಗ ಹಳ್ಳಿಗೆ ಮುಟ್ಟುವ ಪಾಲು ಮೊದಮೊದಲು ಚಿಕ್ಕದಾಗಿಯೇ ಇರುತ್ತದೆ. ಈ ಮಾತನ್ನು ಹಿಂದಿನ ಅನುಭವವೇ ಹೇಳುತ್ತದೆ.

ಹಿಂದೆ ನಡೆದದ್ದು

1918ರಲ್ಲಿ ಮುಂಬಯಿ ಬಂದರಿನ ಮೂಲಕ ದೇಶದೊಳಗೆ ಹರಡಿದ ಫ್ಲೂ, ಆ ವರ್ಷದ ಮಳೆಗಾಲ ಕಳೆಯುವ ವೇಳೆಗೆ ಬೆಂಗಳೂರನ್ನೂ ಮೈಸೂರು ಸಂಸ್ಥಾನವನ್ನೂ ಹಿಡಿಯಿತು. ದೇಶದಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿಯನ್ನು ಮೀರಿತೆಂದು ಅಂದಾಜು. ಆಗ ಲಸಿಕೆಯ ಮಾತಿರಲಿ, ಮನುಷ್ಯರ ಫ್ಲೂ ವೈರಾಣುವನ್ನು ಬೇರ್ಪಡಿಸಿದ್ದೇ 1933ರಲ್ಲಿ.

2009ರಲ್ಲಿ ಎಚ್1ಎನ್1 ಎಂಬ ಹೊಸ ಫ್ಲೂ ಬಂದಿತು. ಜನ ಅದನ್ನು ಹಂದಿಜ್ವರ ಎಂದರು. ಆ ವರ್ಷದ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಸಾಂಕ್ರಾಮಿಕವೆಂದು ಸಾರಿತು. ನಮ್ಮಲ್ಲಿ ಆಗಸ್ಟಿನಿಂದಲೇ ಸಾವುಗಳಾದವು. ಲಸಿಕೆ ಬಂದದ್ದು 2010ರಲ್ಲಿ; ಮೊದಲು ವಿದೇಶದಿಂದ ತರಿಸಿದ್ದನ್ನು ಆರೋಗ್ಯ ಸಿಬ್ಬಂದಿಗೆ ಕೊಡಲು ತೊಡಗಿದರು, ಆ ಬಳಿಕ ವರ್ಷದ ನಡುವಿನಲ್ಲಿ ಅಹಮದಾಬಾದು, ಪುಣೆಗಳ ಸ್ವದೇಶಿ ತಯಾರಿಕೆ ಪೇಟೆಗೆ ಬಂದಿತು. ಅಷ್ಟರಲ್ಲಿ ಮೊದಲನೆಯ ದೊಡ್ಡ ಅಲೆ ಹಾದುಹೋಗಿತ್ತು. ಮಳೆ ನಿಂತ ಮೇಲೆ ಕೊಡೆ ಬಂದ ಹಾಗಾಯಿತು.

2021ರ ಕೋವಿಡ್ ಲಸಿಕೆಯ ದಿನಗಳನ್ನು ಯಾರೂ ಮರೆತಿಲ್ಲ. ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದ ಆರಂಭವಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೆ ಹಾಗೂ ಕಾಯಿಲೆಯಿರುವ 45 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೆ, ಮೇ 1ರಿಂದ 18 ದಾಟಿದ ಎಲ್ಲರಿಗೆ ಎಂದು ಬಾಗಿಲು ಅಗಲವಾಗುತ್ತ ಹೋಯಿತು. ಬಾಗಿಲು ಅಗಲವಾದಷ್ಟು ದಾಸ್ತಾನು ಬೆಳೆಯಲಿಲ್ಲ. ಎರಡನೇ ಡೋಸಿಗೆ ಕಾದಿದ್ದ ಹಿರಿಯರು ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಹಿಂದಿರುಗುವಂತಾಯಿತು. ಕೊನೆಗೆ ಕರ್ನಾಟಕ ಸರ್ಕಾರ ಮೇ 14ರಿಂದ 18ರಿಂದ 44ರ ವಯಸ್ಸಿನವರಿಗೆ ಲಸಿಕೆ ಹಾಕುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಇದ್ದುದನ್ನು ಎರಡನೇ ಡೋಸು ಬಾಕಿಯಿದ್ದವರಿಗೆ ಮೀಸಲಿಟ್ಟಿತು.

ಅದೇ ತಿಂಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಿರಿಯರಿಗೆ ಅಂತರ್ಜಾಲದಲ್ಲಿ ಸಮಯ ಕಾದಿರಿಸಿದರಷ್ಟೇ ಲಸಿಕೆ ಎಂಬ ನಿಯಮವಿತ್ತು. ಯಾವ ಊರಿನವರು ಯಾವ ಕೇಂದ್ರವನ್ನಾದರೂ ಆರಿಸಿಕೊಳ್ಳಬಹುದಿತ್ತು. ಬೆಂಗಳೂರಿನ ಯುವಕರು ಸುತ್ತಲ ಜಿಲ್ಲೆಗಳ ಹಳ್ಳಿ ಆಸ್ಪತ್ರೆಗಳಲ್ಲಿ ಜಾಗ ಕಾದಿರಿಸಿ ಕಾರಿನಲ್ಲಿ ಬಂದು ಹಾಕಿಸಿಕೊಂಡು ಹೋದರೆಂದು ಪತ್ರಿಕೆಗಳು ಬರೆದವು. ಅವರು ನಿಯಮ ಮೀರಿದ್ದಲ್ಲ. ನಿಯಮವೇ ಫೋನು ಉಳ್ಳವನಿಗೆ ಮುಂದಿನ ಜಾಗ ಕೊಟ್ಟಿತ್ತು. ಹೆದ್ದಾರಿಯ ಮಗ್ಗುಲಿನ ನಮ್ಮ ನಾಲ್ಕು ತಾಲ್ಲೂಕುಗಳು ಈ ಪಾಠವನ್ನು ಮುಖ್ಯವಾಗಿ ನೆನಪಿಡಬೇಕು.

ಹರಡುವವನಿಗೋ, ಸಾಯುವ ಭಯ ಉಳ್ಳವನಿಗೋ?

ಕಡಿಮೆ ಲಸಿಕೆಯನ್ನು ಬಳಸಲು ಎರಡು ದಾರಿಗಳಿವೆ. ಒಂದು, ರೋಗ ಹರಡುವವರಿಗೆ ಹಾಕಿ ರೋಗದ ದಾರಿ ಕಟ್ಟುವುದು. ಇನ್ನೊಂದು, ರೋಗ ಬಂದರೆ ಪ್ರಾಣಕ್ಕೆ ಅಪಾಯವಿರುವವರಿಗೆ ನೇರವಾಗಿ ಹಾಕುವುದು.

ಮೊದಲನೆಯ ದಾರಿಗೆ ಸಿಡುಬಿನ ನಿರ್ಮೂಲನವೇ ದೊಡ್ಡ ಉದಾಹರಣೆ. 1966ರ ಕೊನೆಯಲ್ಲಿ ಪೂರ್ವ ನೈಜೀರಿಯಾದಲ್ಲಿ ಲಸಿಕೆ ಸಾಲದಾದಾಗ, ಎಲ್ಲರಿಗೂ ಹಾಕುವ ಬದಲು ರೋಗಿಯ ಸುತ್ತಲಿನವರಿಗೆ ಮಾತ್ರ ಹಾಕಿದರು. ರೋಗ ಅಲ್ಲಿಗೇ ನಿಂತಿತು. ಇದೇ ಕ್ರಮವನ್ನು ನಮ್ಮ ದೇಶದಲ್ಲೂ ಅನುಸರಿಸಿ, 1975ರ ಮೇ ತಿಂಗಳಲ್ಲಿ ಕೊನೆಯ ಪ್ರಕರಣ ಕಂಡೆವು. ಅಣಬೆ ರೋಗ ತಗಲಿದ ಅಡಿಕೆ ಮರದ ಸುತ್ತ ಕಂದಕ ತೋಡಿ ಉಳಿದ ಮರಗಳನ್ನು ಉಳಿಸಿಕೊಳ್ಳುವುದೂ ಇದೇ ಉಪಾಯವೇ.

ಆದರೆ ಫ್ಲೂ ಜ್ವರಕ್ಕೆ ಈ ಕಂದಕ ಸಾಲದು. ಸಿಡುಬು ತಗಲಿದ ಮೇಲೆ ಕಾಣಿಸಿಕೊಳ್ಳಲು ಸುಮಾರು 12 ದಿನ ಬೇಕಾಗುತ್ತಿತ್ತು. ಅಷ್ಟರೊಳಗೆ ಸುತ್ತಲಿನವರಿಗೆ ಲಸಿಕೆ ಹಾಕಲು ಸಮಯ ಸಿಗುತ್ತಿತ್ತು. ಫ್ಲೂ ತಗಲಿದ 1ರಿಂದ 4 ದಿನದೊಳಗೆ ಜ್ವರ ಬರುತ್ತದೆ. ಜ್ವರ ಬರುವ ಹಿಂದಿನ ದಿನವೇ ರೋಗಿ ಇತರರಿಗೆ ಅಂಟಿಸುತ್ತಾನೆ. ಲಸಿಕೆ ಹಾಕಿಸಿಕೊಂಡವರಿಗೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ನಾವು ಕಂದಕ ತೋಡುವಷ್ಟರಲ್ಲಿ ರೋಗ ಮೂರು ಊರು ದಾಟಿರುತ್ತದೆ.

ಫ್ಲೂ ವಿಷಯದಲ್ಲಿ ಹರಡುವವರನ್ನೇ ಹಿಡಿದು ಹಾಕಿದ ದೇಶ ಜಪಾನು. 1962ರಿಂದ ಮೂರು ದಶಕಗಳ ಕಾಲ ಅಲ್ಲಿ ಶಾಲಾಮಕ್ಕಳಿಗೆ ಲಸಿಕೆ ಹಾಕಿದರು. 1994ರಲ್ಲಿ ಆ ಕಾರ್ಯಕ್ರಮ ನಿಂತಿತು. ಮಕ್ಕಳಿಗೆ ಹಾಕುತ್ತಿದ್ದ ವರ್ಷಗಳಲ್ಲಿ ಚಳಿಗಾಲದ ಸಾವುಗಳು, ವಿಶೇಷವಾಗಿ ವೃದ್ಧರವು, ಇಳಿದಿದ್ದವು, ನಿಲ್ಲಿಸಿದ ಮೇಲೆ ಏರಿದವು ಎಂದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಮೊಮ್ಮಗನಿಗೆ ಹಾಕಿದ ಲಸಿಕೆ ಅಜ್ಜಿಯನ್ನು ಕಾಯುತ್ತದೆ ಎಂದಾಯಿತು. ಆದರೆ ಇದಕ್ಕೆ ಮಕ್ಕಳಲ್ಲಿ ದೊಡ್ಡ ಪಾಲಿಗೆ ಹಾಕಬೇಕು. ನೂರರಲ್ಲಿ ಇಬ್ಬರಿಗೆ ಸಾಲುವಷ್ಟೇ ಲಸಿಕೆ ಇರುವಾಗ ಈ ದಾರಿ ಹಿಡಿದರೆ ಅತ್ತ ರೋಗವೂ ನಿಲ್ಲದು, ಇತ್ತ ಅಜ್ಜಿಗೂ ಸಿಗದು.

ಹೀಗಿರುವಾಗ ಲಸಿಕೆ ತೀರ ಕಡಿಮೆ ಇರುವ ತಾಲ್ಲೂಕಿಗೆ ಎರಡನೆಯ ದಾರಿಯೇ ಸರಿ. ಯಾರ ಪ್ರಾಣಕ್ಕೆ ಅಪಾಯ ಹೆಚ್ಚೋ ಅವರಿಗೆ ಮೊದಲು. 2023ರ ಮಾರ್ಚಿನಲ್ಲಿ ಎಚ್3ಎನ್2 ಎಂಬ ಫ್ಲೂ ಹಬ್ಬಿದಾಗ, ಕೇಂದ್ರ ಆರೋಗ್ಯ ಇಲಾಖೆ ಆ ಹಂಗಾಮಿನಲ್ಲಿ ಮೊದಲು ದೃಢಪಡಿಸಿದ ಎರಡು ಸಾವುಗಳಲ್ಲಿ ಒಂದು ಹರಿಯಾಣದ್ದು, ಇನ್ನೊಂದು ನಮ್ಮ ಕಾಫಿ ಸೀಮೆಯಾದ ಹಾಸನ ಜಿಲ್ಲೆಯದು. ಹಾಸನದಲ್ಲಿ ತೀರಿಕೊಂಡವರು 80 ದಾಟಿದ ಹಿರಿಯರು. ಫ್ಲೂ ಎಂಬುದು ದೂರದ ದೇಶದ ಕಾಯಿಲೆ ಎಂದು ನಾವು ತಿಳಿಯುವಂತಿಲ್ಲ.

ಸರದಿ ಹೀಗಿರಲಿ

ವಿಶ್ವ ಆರೋಗ್ಯ ಸಂಸ್ಥೆ ಆದ್ಯತೆ ಕೊಡಬೇಕೆಂದು ಹೇಳುವವರು ಇವರು: ಆರೋಗ್ಯ ಸಿಬ್ಬಂದಿ, ಗರ್ಭಿಣಿಯರು, ವಯಸ್ಸಾದವರು, ಬಹುಕಾಲದ ಕಾಯಿಲೆ ಉಳ್ಳವರು, ಆಮೇಲೆ ಎಳೆಯ ಮಕ್ಕಳು. ಪ್ರತಿಯೊಂದಕ್ಕೂ ಕಾರಣವಿದೆ.

ಆರೋಗ್ಯ ಸಿಬ್ಬಂದಿಗೆ ಮೊದಲು ಕೊಡುವುದು ಅವರ ಮೇಲಿನ ಉಪಕಾರಕ್ಕಾಗಿಯಲ್ಲ. ಹಳ್ಳಿಯ ಒಬ್ಬ ದಾದಿ ಮಲಗಿದರೆ ಐದು ಸಾವಿರ ಜನರ ಉಪಕೇಂದ್ರ ಮುಚ್ಚುತ್ತದೆ. ಅಲ್ಲದೆ ಕಾಯಿಲೆಯವರ ಬಳಿಗೆ ದಿನವೂ ಹೋಗುವವರು ಅವರೇ. ತಾವೇ ರೋಗ ಒಯ್ಯುವ ಭಯವೂ ಇದೆ. ಇಲ್ಲಿ ಸಿಬ್ಬಂದಿ ಎಂದರೆ ವೈದ್ಯರು ಮಾತ್ರವಲ್ಲ. ಆಶಾ ಕಾರ್ಯಕರ್ತೆ, ಆಂಬುಲೆನ್ಸ್ ಚಾಲಕ, ಆಸ್ಪತ್ರೆಯ ನೆಲ ಒರೆಸುವ ಹೆಂಗಸು, ಎಲ್ಲರೂ ಸೇರಬೇಕು.

ಗರ್ಭಿಣಿಯರಿಗೆ ಹಾಕುವ ಒಂದು ಡೋಸು ಎರಡು ಜೀವ ಕಾಯುತ್ತದೆ. ಬಸಿರಿನಲ್ಲಿ ಫ್ಲೂ ಬಂದರೆ ತಾಯಿಗೆ ಶ್ವಾಸಕೋಶದ ಉರಿಯೂತ ಆಗುವ ಸಂಭವ ಹೆಚ್ಚು. ಹುಟ್ಟಿದ ಮಗುವಿಗೆ ಆರು ತಿಂಗಳಾಗುವವರೆಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ತಾಯಿಯಿಂದ ಬಂದ ರಕ್ಷಣೆಯೇ ಅಷ್ಟು ದಿನ ಮಗುವಿಗೆ ಆಸರೆ.

ವಯಸ್ಸಾದವರಲ್ಲಿ, ಅದರಲ್ಲೂ ಉಬ್ಬಸ, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಉಳ್ಳವರಲ್ಲಿ ಸಾವಿನ ಭಯ ಹೆಚ್ಚು. ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸುವ ಹಬೆಯಲ್ಲಿ ಬಹಳ ವರ್ಷ ದುಡಿದವರನ್ನೂ, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಮರದ ಪುಡಿಯ ನಡುವೆ ಕುಳಿತವರನ್ನೂ ಉಬ್ಬಸದ ಪಟ್ಟಿ ಮಾಡುವಾಗ ವಿಶೇಷವಾಗಿ ವಿಚಾರಿಸಬೇಕು.

ಈಗ ಲೆಕ್ಕ ನೋಡೋಣ. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಎಂಬುದು ಸರ್ಕಾರದ ಅಳತೆ. ಅಂಥ ಒಂದು ಕೇಂದ್ರಕ್ಕೆ 600 ಡೋಸು ಬಂತೆಂದು ಲೆಕ್ಕದ ಮಟ್ಟಿಗೆ ಇಟ್ಟುಕೊಳ್ಳೋಣ. ಆಶಾ ಕಾರ್ಯಕರ್ತೆಯರೂ ಸೇರಿ ಸಿಬ್ಬಂದಿ 60 ಜನ. ಅಷ್ಟು ಜನಸಂಖ್ಯೆಯಲ್ಲಿ ಒಂದು ಹೊತ್ತಿಗೆ ಗರ್ಭಿಣಿಯರು ಸುಮಾರು 350. ಆಕಸ್ಮಿಕಕ್ಕೆಂದು 30 ಡೋಸು ಎತ್ತಿಡಬೇಕು. ಉಳಿದದ್ದು 160. ಅರುವತ್ತು ದಾಟಿದವರು ಹತ್ತರಲ್ಲಿ ಒಬ್ಬರಂತೆ ಸುಮಾರು 3,000 ಜನ. ಅವರಲ್ಲಿ ಮೇಲ್ಕಂಡ ಕಾಯಿಲೆಯವರು 600 ಎಂದು ಹಿಡಿದರೂ 160 ಡೋಸು ಅವರಿಗೆ ಸಾಲದು.

ನೋಡಿ, ಪಟ್ಟಿಯ ಮೂರನೆಯ ಮೆಟ್ಟಿಲಿನಲ್ಲೇ ಪೆಟ್ಟಿಗೆ ಬರಿದಾಯಿತು. ನಲವತ್ತು ವರ್ಷದ ಗಟ್ಟಿಮುಟ್ಟಾದ ಬೆಳೆಗಾರ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅವನು ಪಂಚಾಯಿತಿ ಸದಸ್ಯನಾಗಿರಲಿ, ಸಂಘದ ನಿರ್ದೇಶಕನಾಗಿರಲಿ, ಇಲ್ಲವೇ ಇಲ್ಲ. ಅವನ ತೋಟದಲ್ಲಿ ಅಡಿಕೆ ಸುಲಿಯುವ ಉಬ್ಬಸದ ಮುದುಕಿ ಪಟ್ಟಿಯಲ್ಲಿದ್ದಾಳೆ. ಈ ಮಾತು ಕೇಳಲು ಕಹಿಯಾದರೂ ಮೊದಲೇ ಒಪ್ಪಿಕೊಂಡರೆ ಅಂದು ಆಸ್ಪತ್ರೆಯ ಬಾಗಿಲಲ್ಲಿ ಜಗಳವಿರುವುದಿಲ್ಲ.

600 ಜನರಲ್ಲಿ 160 ಜನರನ್ನು ಆರಿಸುವುದು ಹೇಗೆ? ಮೊದಲು 75 ದಾಟಿದವರನ್ನೂ ಎರಡೆರಡು ಕಾಯಿಲೆ ಉಳ್ಳವರನ್ನೂ ತೆಗೆದುಕೊಳ್ಳಬಹುದು. ಇನ್ನೂ ಸಮಾನ ಹಕ್ಕಿನವರು ಉಳಿದರೆ ಗ್ರಾಮಸಭೆಯಲ್ಲಿ ಎಲ್ಲರೆದುರು ಚೀಟಿ ಎತ್ತುವುದೇ ನ್ಯಾಯ. ಚೀಟಿಗೆ ನೆಂಟರಿಲ್ಲ, ಜಾತಿಯಿಲ್ಲ.

ತಾಲ್ಲೂಕು ತಾಲ್ಲೂಕಿಗೆ ಪಾಲು

2011ರ ಜನಗಣತಿಯಂತೆ ಈ ನಾಲ್ಕು ತಾಲ್ಲೂಕುಗಳ ಜಿಲ್ಲೆಯಲ್ಲಿ ಸುಮಾರು 10 ಲಕ್ಷ 82 ಸಾವಿರ ಜನರಿದ್ದರು. ಜಿಲ್ಲೆಗೆ ಬಂದ ಲಸಿಕೆಯನ್ನು ತಲೆಯೆಣಿಕೆಯ ಮೇಲೆ ಹಂಚುವುದು ಸುಲಭ. ಸುಲಭವಾದದ್ದೆಲ್ಲ ಸರಿಯಲ್ಲ. ದುಡಿಯುವ ವಯಸ್ಸಿನವರು ಬೆಂಗಳೂರು ಸೇರಿ ಮುದುಕರಷ್ಟೇ ಉಳಿದ ಹಳ್ಳಿಗೂ, ಹೊರಗಿನಿಂದ ಬಂದ ಹರೆಯದವರೇ ತುಂಬಿದ ಕಾರ್ಖಾನೆಯ ಊರಿಗೂ ತಲೆಗೊಂದರಂತೆ ಕೊಟ್ಟರೆ ಮೊದಲನೆಯ ಊರಿಗೆ ಅನ್ಯಾಯವಾಗುತ್ತದೆ. ಪಟ್ಟಿಯಲ್ಲಿ ಬರುವ ಗರ್ಭಿಣಿಯರು, ಹಿರಿಯರು, ಕಾಯಿಲೆಯವರು ಎಷ್ಟು ಎಂದು ಎಣಿಸಿ, ಆ ಎಣಿಕೆಯ ಮೇಲೆ ಪಾಲು ಹಾಕಬೇಕು. ಜಿಲ್ಲೆಯ ಉಗ್ರಾಣದಲ್ಲಿ ಹತ್ತರಲ್ಲೊಂದು ಪಾಲನ್ನು ಉಳಿಸಿಕೊಂಡರೆ ಎಲ್ಲಿ ಕಡಿಮೆ ಬಿತ್ತೋ ಅಲ್ಲಿಗೆ ಕಳುಹಿಸಬಹುದು.

ಹಂಚುವಾಗ ದೂರದಿಂದ ಆರಂಭಿಸಿ ಹತ್ತಿರಕ್ಕೆ ಬರಬೇಕು. ನಾಲೆಯ ನೀರಿನ ವಿಷಯದಲ್ಲಿ ನಮಗೆಲ್ಲ ಇದು ಗೊತ್ತು. ತೂಬಿನ ಹತ್ತಿರದ ಗದ್ದೆಗೆ ಮೊದಲು ಬಿಟ್ಟರೆ ಕೊನೆಯ ಗದ್ದೆಗೆ ನೀರು ಮುಟ್ಟುವುದೇ ಇಲ್ಲ. ಕನಕಪುರ ತಾಲ್ಲೂಕು ಕಾವೇರಿ, ಅರ್ಕಾವತಿಗಳ ಸಂಗಮದವರೆಗೆ ಚಾಚಿಕೊಂಡಿದೆ. ಅಲ್ಲಿನ ಕಾಡಂಚಿನ ದೊಡ್ಡಿಗಳಿಂದ ಆಸ್ಪತ್ರೆಗೆ ಬರುವುದೆಂದರೆ ಒಂದು ದಿನದ ಕೂಲಿ ಬಿಟ್ಟಂತೆ. ಮಾಗಡಿ, ರಾಮನಗರ, ಕನಕಪುರಗಳ ಗುಡ್ಡದ ಮಗ್ಗುಲಲ್ಲಿ ಇರುಳಿಗರ ವಸತಿಗಳಿವೆ. ಮೊದಲ ದಿನದ ಪೆಟ್ಟಿಗೆ ಅಲ್ಲಿಗೆ ಹೋಗಲಿ. ಪೇಟೆಯ ಆಸ್ಪತ್ರೆಯ ಎದುರು ಮನೆಯವರು ಯಾವ ದಿನ ಬೇಕಾದರೂ ಬರಬಹುದು.

ಇನ್ನು ಹೊರಗಿನವರ ಪ್ರಶ್ನೆ. ಬೆಂಗಳೂರಿನ ಕಾರುಗಳು ಹಳ್ಳಿಯ ಪಾಲನ್ನು ಒಯ್ಯಬಾರದೆಂದು ಇಲ್ಲಿಯ ಪಡಿತರ ಚೀಟಿ ಕೇಳೋಣ ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಬಿಡದಿಯ ಕಾರ್ಖಾನೆಗೆ ಬಂದ ಕೂಲಿಯವರ ಮನೆಯ ಬಸುರಿಯೂ, ತೋಟದ ಲೈನ್ ಮನೆಯಲ್ಲಿ ಸುಗ್ಗಿಗೆ ಬಂದು ತಂಗಿದ ಮುದುಕನೂ ಹೊರಗುಳಿಯುತ್ತಾರೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಪರಸ್ಥಳದವರು ನಿತ್ಯವೂ ಬಂದುಹೋಗುವ ಸ್ಥಳ. ಅದಕ್ಕೆ ಸರಳ ನಿಯಮವೊಂದಿದೆ. ಈ ತಿಂಗಳು ಯಾರು ಎಲ್ಲಿ ಮಲಗುತ್ತಾರೋ ಅವರು ಅಲ್ಲಿಯವರು. ಮನೆ ಮನೆ ತಿರುಗಿದ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹೆಸರಿದ್ದರೆ ಸಾಕು. ಸಂಜೆ ಬಂದು ರಾತ್ರಿ ಬೆಂಗಳೂರಿಗೆ ಹಿಂದಿರುಗುವವನ ಹೆಸರು ಆ ಪುಸ್ತಕದಲ್ಲಿರುವುದಿಲ್ಲ.

ಪೆಟ್ಟಿಗೆಯಿಂದ ತೋಳಿಗೆ

ಇದ್ದ ಲಸಿಕೆಯನ್ನು ಕೆಡಿಸಿಕೊಳ್ಳದಿರುವುದೂ ಲಸಿಕೆ ಹೆಚ್ಚಿಸಿಕೊಂಡಂತೆಯೇ. ಫ್ಲೂ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಿಸಿಲಿಗೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಹಲವರಿಗೆ ತಿಳಿಯದು. ಮಂಜುಗಡ್ಡೆಯ ಪೊಟ್ಟಣಗಳನ್ನು ಫ್ರೀಜರಿನಿಂದ ತೆಗೆದ ತಕ್ಷಣ ಪೆಟ್ಟಿಗೆಗೆ ಹಾಕಬಾರದು. ಅವು ಬೆವರಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವವರೆಗೆ ಹೊರಗಿಟ್ಟು ಆಮೇಲೆ ಜೋಡಿಸಬೇಕು. ಕರೆಂಟು ಹೋದ ರಾತ್ರಿ ಆಸ್ಪತ್ರೆಯ ಲಸಿಕೆ ಪೆಟ್ಟಿಗೆಗೆ ಜನರೇಟರ್ ಸಿಗುವಂತೆ ಊರಿನವರು ಮೊದಲೇ ಮಾತಾಡಿಟ್ಟುಕೊಳ್ಳಬಹುದು.

ಒಂದು ಸೀಸೆಯಲ್ಲಿ ಹಲವು ಡೋಸು ಇರುವ ಲಸಿಕೆಯಾದರೆ ಇನ್ನೊಂದು ಎಚ್ಚರ ಬೇಕು. 2021ರ ಕೋವಿಶೀಲ್ಡ್ ಸೀಸೆಯಲ್ಲಿ 10 ಡೋಸು ಇರುತ್ತಿತ್ತು; ತೆರೆದ 4 ಗಂಟೆಯೊಳಗೆ ಮುಗಿಸಬೇಕಿತ್ತು. ಏಳು ಜನ ಬಂದರೆ ಮೂರು ಡೋಸು ಚರಂಡಿಗೆ. ಆದಕಾರಣ ಪ್ರತಿ ಶಿಬಿರಕ್ಕೂ ಬದಲಿ ಹೆಸರುಗಳ ಪಟ್ಟಿ ಸಿದ್ಧವಿರಬೇಕು. ಆ ಬದಲಿಯವರೂ ಸರದಿಯ ಮುಂದಿನ ಹೆಸರುಗಳೇ ಆಗಿರಬೇಕು. ಅಂದು ಬಾಗಿಲ ಬಳಿ ನಿಂತವರಲ್ಲ.

ಮಂಗನ ಕಾಯಿಲೆ ಕಲಿಸಿದ್ದು

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಲಸಿಕೆಯ ಸರದಿ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಗೆ ಬಹಳ ವರ್ಷ ಲಸಿಕೆ ಕೊಟ್ಟರು. ಅಲ್ಲಿ ರಾಜ್ಯಕ್ಕೆಲ್ಲ ಹಂಚಲಿಲ್ಲ. ಮಂಗ ಸತ್ತ ಅಥವಾ ರೋಗ ಕಂಡ ಸ್ಥಳದಿಂದ 5 ಕಿಲೋಮೀಟರ್ ಒಳಗಿನ ಹಳ್ಳಿಗಳಿಗೆ ಕೊಟ್ಟರು. ಉಣ್ಣೆಯಿಂದ ಹರಡುವ, ಸ್ಥಳಕ್ಕೆ ಅಂಟಿಕೊಂಡ ರೋಗಕ್ಕೆ ಅದು ತಕ್ಕ ಕ್ರಮ.

ಆದರೆ ಆ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಬಾರಿ, ಆಮೇಲೆ ಮತ್ತೆ ಮತ್ತೆ ಬಲವರ್ಧಕವಾಗಿ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದಲ್ಲಿ ನೋವು ಹೆಚ್ಚೆಂದು ಹಲವರು ಒಂದಕ್ಕೇ ನಿಲ್ಲಿಸಿದರು. 2005ರಿಂದ 2010ರವರೆಗಿನ ಅಂಕಿಅಂಶಗಳ ಅಧ್ಯಯನದಲ್ಲಿ ಒಂದೇ ಡೋಸಿನಿಂದ ರಕ್ಷಣೆ ಕಂಡುಬರಲಿಲ್ಲ. ಎರಡು ಡೋಸಿಗೆ ಶೇಕಡ 62, ಬಲವರ್ಧಕವೂ ಸೇರಿದರೆ ಶೇಕಡ 83ರಷ್ಟು ರಕ್ಷಣೆ ಕಂಡಿತು. ಲಸಿಕೆಯ ಸಾಮರ್ಥ್ಯ ಸಾಲದೆಂಬ ದೂರುಗಳ ನಡುವೆ 2022ರಲ್ಲಿ ಅದು ನಿಂತೇ ಹೋಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ.

ಇದರಿಂದ ಎರಡು ಪಾಠ. ಎರಡು ಡೋಸು ಬೇಕಾದ ಲಸಿಕೆಯಾದರೆ ಮೊದಲನೆಯದನ್ನು ಹಾಕುವ ದಿನವೇ ಅದೇ ವ್ಯಕ್ತಿಯ ಎರಡನೆಯದನ್ನು ಎಲ್ಲಿಂದ ತರುವುದೆಂದು ಗೊತ್ತಿರಬೇಕು. ಫ್ಲೂ ಲಸಿಕೆ ದೊಡ್ಡವರಿಗೆ ವರ್ಷಕ್ಕೆ ಒಂದೇ ಡೋಸು ಸಾಕು. ಮೊದಲ ಬಾರಿ ಹಾಕಿಸಿಕೊಳ್ಳುವ ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮಾತ್ರ ನಾಲ್ಕು ವಾರದ ಅಂತರದಲ್ಲಿ ಎರಡು ಬೇಕು. ಎರಡನೆಯ ಪಾಠ, ಲಸಿಕೆಯಿಂದ ಆಗುವುದು ಆಗದಿರುವುದು ಎರಡನ್ನೂ ಜನರಿಗೆ ಮುಚ್ಚಿಡದೆ ಹೇಳಬೇಕು. ತಳಿ ಸರಿಹೊಂದಿದ ವರ್ಷದಲ್ಲೂ ಫ್ಲೂ ಲಸಿಕೆ ಜ್ವರದ ಭಯವನ್ನು ಸುಮಾರು ಶೇಕಡ 40ರಿಂದ 60ರಷ್ಟು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಹಾಕಿಸಿಕೊಂಡವರಿಗೂ ಜ್ವರ ಬಂದೀತು. ಬಂದರೂ ಆಸ್ಪತ್ರೆ ಸೇರುವಷ್ಟು ಏರುವುದು ಕಡಿಮೆ. ಇಷ್ಟು ತಿಳಿಸಿದ್ದರೆ ನಾಳೆ ಯಾರಿಗೋ ಜ್ವರ ಬಂದಾಗ ಊರಿಗೆ ಊರೇ ಲಸಿಕೆಗೆ ಬೆನ್ನು ತಿರುಗಿಸುವುದಿಲ್ಲ.

ನಮ್ಮ ಕೆಲಸ

ಲಸಿಕೆ ತರಿಸುವುದು, ಹಾಕುವುದು ಆರೋಗ್ಯ ಇಲಾಖೆಯ ಹೊಣೆ. ಆದರೆ ತೋಟದ ಲೈನ್ ಮನೆಯಲ್ಲಿ ಯಾರಿದ್ದಾರೆ ಎಂಬುದು ಇಲಾಖೆಗಿಂತ ಮೊದಲು ನಮಗೆ ಗೊತ್ತು. ಸದಸ್ಯರು ಮಾಡಬಹುದಾದದ್ದನ್ನು ಇಲ್ಲಿ ಕೊಟ್ಟಿದ್ದೇವೆ.

1. ಮನೆಯ ಹಾಗೂ ಆಳುಗಳ ಪಟ್ಟಿ ಬರೆದಿಡಿ. ಹೆಸರು, ವಯಸ್ಸು, ಬಸುರಿಯೇ, ಉಬ್ಬಸ, ಸಕ್ಕರೆ, ಹೃದಯದ ಕಾಯಿಲೆ ಇದೆಯೇ, ಇಷ್ಟು ಸಾಕು. ಕಾಯಿಲೆಯ ವಿಷಯ ಗುಟ್ಟಿನದು. ಆಶಾ ಕಾರ್ಯಕರ್ತೆಗೆ ಮಾತ್ರ ಕೊಡಿ, ಸಂಘದ ಹಲಗೆಗೆ ಅಂಟಿಸಬೇಡಿ.

2. ನಮ್ಮ ಸೀಮೆಯಲ್ಲಿ ಫ್ಲೂ ಮಳೆಗಾಲದಲ್ಲೂ, ಮತ್ತೆ ಜನವರಿಯಿಂದ ಮಾರ್ಚಿಯವರೆಗೂ ಏರುತ್ತದೆ. ಪಟ್ಟಿಯನ್ನು ಏಪ್ರಿಲಿನಲ್ಲಿ ಒಮ್ಮೆ, ಕಾಫಿ ಕೊಯ್ಲಿಗೆ ಆಳು ಬಂದಿಳಿದ ಮೇಲೆ ಇನ್ನೊಮ್ಮೆ ತಿದ್ದಿ.

3. ಲಸಿಕೆಯ ದಿನ ಪಟ್ಟಿಯಲ್ಲಿರುವ ಆಳಿಗೆ ಸಂಬಳ ಸಹಿತ ಅರ್ಧ ದಿನ ಬಿಡುವು ಕೊಡಿ. ಕೂಲಿ ಹೋಗುವ ಭಯದಿಂದ ತಪ್ಪಿಸಿಕೊಂಡವನ ಡೋಸು ಬೇರೆಯವರ ಪಾಲಾಗುತ್ತದೆ. ಜೀಪು ಇರುವವರು ದೂರದ ದೊಡ್ಡಿಯ ಮುದುಕರನ್ನು ಕರೆತರಬಹುದು.

4. ಸರದಿ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ. ಯಾವ ಗುಂಪಿಗೆ ಮೊದಲು, ಏಕೆ, ಎಷ್ಟು ಡೋಸು ಎಂಬುದು ಎಲ್ಲರಿಗೂ ತಿಳಿಯಲಿ.

5. ಹಣ ಕೊಟ್ಟು ಹಾಕಿಸಿಕೊಳ್ಳಬಲ್ಲ ಸದಸ್ಯರು ವೈದ್ಯರ ಸಲಹೆ ಪಡೆದು ಪಟ್ಟಣದಲ್ಲಿ ಹಾಕಿಸಿಕೊಳ್ಳಲಿ. ಸರ್ಕಾರಿ ಪಾಲಿಗೆ ಕೈ ಚಾಚದಿರಲಿ.

6. ಲಸಿಕೆ ಸಿಗದವರಿಗೂ ರಕ್ಷಣೆ ಇದೆ. ಜ್ವರ, ಕೆಮ್ಮು ಇರುವ ಆಳನ್ನು ಕೆಲಸಕ್ಕೆ ಕರೆಯದಿರುವುದು, ಅಡಿಕೆ ಸುಲಿಯುವ ಚಪ್ಪರದಲ್ಲಿ ಗಾಳಿಯಾಡುವಂತೆ ದೂರ ದೂರ ಕೂರಿಸುವುದು, ಕೆಮ್ಮುವಾಗ ಬಾಯಿಗೆ ಬಟ್ಟೆ, ಸೋಪಿನಿಂದ ಕೈ ತೊಳೆಯುವುದು. ಉಸಿರು ಮೇಲೆ ಬಂದರೆ, ಎದೆ ನೋವು ಬಂದರೆ, ಮಂಪರು ಕವಿದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಫ್ಲೂಗೆ ಕೊಡುವ ಔಷಧಿ ಮೊದಲ ಎರಡು ದಿನದೊಳಗೆ ಆರಂಭಿಸಿದರೆ ಗುಣ ಹೆಚ್ಚು.

ಮುಂದಿನ ದೊಡ್ಡ ಫ್ಲೂ ಯಾವ ವರ್ಷ ಬರುತ್ತದೆಂದು ಯಾರೂ ಹೇಳಲಾರರು. ಲಸಿಕೆ ಮೊದಲು ಕಡಿಮೆಯೇ ಬರುತ್ತದೆಂದು ಮಾತ್ರ ಹೇಳಬಹುದು. ಅಂದು ನಮ್ಮ ಊರಿನ ಪೆಟ್ಟಿಗೆಯಲ್ಲಿ 600 ಡೋಸು ಇರಲಿ, 60 ಇರಲಿ, ಮೊದಲನೆಯದು ಯಾರ ತೋಳಿಗೆ ಎಂಬುದು ಆ ಹೊತ್ತಿಗೆ ಬರೆದಿಟ್ಟಿರಬೇಕು. ಸದಸ್ಯರು ತಮ್ಮ ತಮ್ಮ ಪಟ್ಟಿಯನ್ನು ಈ ಬೇಸಿಗೆಯಲ್ಲೇ ಸಿದ್ಧಪಡಿಸಿ, ತಮ್ಮ ಹಳ್ಳಿಯ ಆಶಾ ಕಾರ್ಯಕರ್ತೆಯನ್ನು ಕಂಡು ಒಪ್ಪಿಸಬೇಕೆಂದು ಕೋರುತ್ತೇವೆ.